ಅಪ್ಪನ ದನಿ ಇದ್ದ ಪೆನ್‌ಡ್ರೈವ್

ನಮ್ಮ ಅಪ್ಪನ ದನಿ ಈಗ ಎಷ್ಟೋ ಜನರ ಫೋನಿನಲ್ಲಿದೆ. ಸಿಂದಗಿಯ ಚಹಾದಂಗಡಿಯಲ್ಲಿ, ಇಂಡಿ ಊರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ, ಮುದ್ದೇಬಿಹಾಳದ ಕಾಲೇಜು ಕಟ್ಟೆಯ ಮೇಲೆ ಕೂತು ಬಸ್ಸಿನ ಆಟ ಆಡುವವರು ಅದನ್ನು ದಿನಾ ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ದನಿ ಇಲ್ಲ. ಅಪ್ಪನ ಗಂಟಲಲ್ಲೂ ಇಲ್ಲ, ನನ್ನ ಕಂಪ್ಯೂಟರಿನಲ್ಲೂ ಇಲ್ಲ. ಮೊದಲನೆಯದಕ್ಕೆ ರೋಗ ಕಾರಣ. ಎರಡನೆಯದಕ್ಕೆ ನಾನು ಕಾರಣ, ನಮ್ಮ ಮನೆಯ ಮರ್ಯಾದೆ ಕಾರಣ, ಆಮೇಲೆ ತಂಗಿಯ ಗಂಡ ಕಾರಣ. ಬಹಳ ದಿನ ಇದನ್ನು ತಿರುವುಮುರುವಾಗಿ ಹೇಳಿಕೊಂಡು ತಿರುಗಿದ್ದೇನೆ. ಇಲ್ಲಿಯಾದರೂ ಸರಿಯಾದ ಕ್ರಮದಲ್ಲಿ ಬರೆಯೋಣ ಅನ್ನಿಸಿತು.

ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷವರ್ಷವೂ ಅರ್ಜಿ ಹಾಕಿ ಕರೆಸಿಕೊಳ್ಳಬೇಕಾದವಳು. ಮದುವೆಯಾಗಿಲ್ಲ. ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿಯನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದಾರೆ. ಹಿರಿಯವಳು ಮನೆಯಲ್ಲೇ ಉಳಿದು ಕಿರಿಯವಳು ಗಂಡನ ಮನೆಗೆ ಹೋದರೆ ಮನೆಯಲ್ಲಿ ಯಾರ ಮಾತಿಗೆ ಎಷ್ಟು ತೂಕ ಎಂಬುದು ತಾನಾಗಿಯೇ ಗೊತ್ತಾಗಿಬಿಡುತ್ತದೆ. ನನಗೂ ಗೊತ್ತಾಗಿತ್ತು.

ಒಂದು ವರ್ಷ ಕಾಲೇಜಿನ ಲ್ಯಾಬಿನ ಹಳೆ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವವರಿದ್ದರು. ಅದರಲ್ಲೊಂದನ್ನು ಕೇಳಿ, ಆಟೋದಲ್ಲಿ ಇಟ್ಟುಕೊಂಡು ಮನೆಗೆ ತಂದೆ. ಅದನ್ನು ಚಾಲೂ ಮಾಡಿ ಹಾಲು ಕಾಯಿಸಲು ಹೋದರೆ, ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ವಿಂಡೋಸ್ ಎದ್ದಿರುತ್ತಿರಲಿಲ್ಲ. ಅದನ್ನು ಅಳಿಸಿ, ಅದರ ಜಾಗದಲ್ಲಿ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಹಳೆ ಯಂತ್ರಕ್ಕೆ ಜೀವ ಬಂತು. ಲಿನಕ್ಸ್ ಬಗ್ಗೆ ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೆ: ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಿದ್ದಬಹುದು, ಹಂಚಬಹುದು. ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಹೇಳಿಕೊಟ್ಟಿದ್ದೆನೇ ಹೊರತು ನಾನೇ ಒಂದು ದಿನವೂ ತಿದ್ದಿರಲಿಲ್ಲ.

ತಿದ್ದಲು ಕಲಿಸಿದ್ದು ಒಂದು ಆಟ. ಹೊರದೇಶದವರು ಮಾಡಿದ, ಬಸ್ ಓಡಿಸುವ ಆಟ. ಅದು ವಿಂಡೋಸ್‌ಗೆ ಎಂದು ಮಾಡಿದ್ದು. ಲಿನಕ್ಸ್ ಮೇಲೆ ಓಡಬೇಕಾದರೆ ನಡುವೆ ಇನ್ನೊಂದು ತಂತ್ರಾಂಶ ದುಭಾಷಿಯ ಕೆಲಸ ಮಾಡಬೇಕು. ಆಟ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳಬೇಕು, ಲಿನಕ್ಸ್ ಕೊಟ್ಟಿದ್ದನ್ನು ಆಟಕ್ಕೆ ಮುಟ್ಟಿಸಬೇಕು. ಮೊದಲ ದಿನ ಪರದೆ ಕಪ್ಪಗಾಗಿ ಕೂತಿತು. ಮರುದಿನ ಬಸ್ ಬಂತು, ಚಕ್ರ ಇರಲಿಲ್ಲ. ಇನ್ನೊಂದು ದಿನ ಚಕ್ರ ಬಂದವು, ರಸ್ತೆ ಇರಲಿಲ್ಲ, ಬಸ್ಸು ಆಕಾಶದಲ್ಲಿ ನಿಂತಿತ್ತು. ಗುರುತು ಪರಿಚಯ ಇಲ್ಲದ ಯಾರೋ ಯಾವುದೋ ದೇಶದಿಂದ ಇಂಟರ್ನೆಟ್ಟಿನ ವೇದಿಕೆಯೊಂದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು: ಈ ಸಾಲು ಬದಲಿಸಿ ನೋಡು, ಆ ಫೈಲು ತೆಗೆದು ನೋಡು. ಅಷ್ಟು ತಾಳ್ಮೆಯಿಂದ ನನ್ನ ಜೊತೆ ನಮ್ಮ ಮನೆಯವರೂ ಮಾತಾಡಿರಲಿಲ್ಲ. ಮೂರು ವಾರಕ್ಕೆ ಬಸ್ಸು ನೆಲದ ಮೇಲೆ ಓಡಿತು.

ಓಡಿದ ಮೇಲೆ ಬೇಸರ ಶುರುವಾಯಿತು. ಆ ಆಟದಲ್ಲಿ ರಸ್ತೆ ನುಣ್ಣಗೆ, ಪ್ರಯಾಣಿಕರು ಸಾಲಾಗಿ ನಿಂತು ಹತ್ತುತ್ತಾರೆ, ಯಾರೂ ಮಾತಾಡುವುದಿಲ್ಲ. ಬಸ್ಸಿಗೆ ಕಂಡಕ್ಟರೇ ಇಲ್ಲ. ನಾನು ಕಂಡಕ್ಟರ್ ಮಗಳು. ಅಪ್ಪ ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ, ನಿಡಗುಂದಿ ಹಾಯ್ದು ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದವರು. ಕಂಡಕ್ಟರ್ ಇಲ್ಲದೆ ಹೊರಡುವ ಬಸ್ಸು ನನಗೆ ತಮಾಷೆಯಾಗಿ ಕಂಡಿತು. ಹಾಗಾಗಿ ನಮ್ಮದೇ ರಸ್ತೆ ಮಾಡುವುದೆಂದು ಕೂತೆ. ಇದಕ್ಕೆ "ಮಾಡ್" ಮಾಡುವುದು ಎನ್ನುತ್ತಾರೆ. ಇದ್ದ ಆಟದೊಳಗೆ ನಮಗೆ ಬೇಕಾದ ಊರು, ಬಸ್ಸು, ಮರ, ಸದ್ದು ಸೇರಿಸುವುದು.

ಒಂದು ವರ್ಷ ಹಿಡಿಯಿತು. ಇಂಡಿ ಬಿಟ್ಟ ಕೂಡಲೇ ಎರಡೂ ಕಡೆ ನಿಂಬೆ ತೋಟ ಹಾಕಿದೆ. ಎರೆಭೂಮಿಯ ಕಪ್ಪು ಬಣ್ಣ ಸರಿಯಾಗಿ ಬರಲು ಹನ್ನೊಂದು ಸಲ ಬದಲಿಸಿದೆ. ಬೇವಿನ ಮರಗಳನ್ನು ಒಂದೊಂದಾಗಿ ನೆಟ್ಟೆ. ಕಬ್ಬಿನ ಟ್ರ್ಯಾಕ್ಟರು ರಸ್ತೆಯ ನಡುವೆಯೇ ನಿಧಾನವಾಗಿ ಹೋಗುವಂತೆ, ಎಷ್ಟು ಹಾರ್ನ್ ಹೊಡೆದರೂ ಬದಿಗೆ ಸರಿಯದಂತೆ ಮಾಡಿದೆ. ಆ ಆಟಕ್ಕೆ ಕನ್ನಡದ ಒತ್ತಕ್ಷರ ಬರುತ್ತಿರಲಿಲ್ಲ, ಅಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿ ಬೀಳುತ್ತಿದ್ದವು. ಅದಕ್ಕೆ ಬಸ್ಸಿನ ಬೋರ್ಡುಗಳನ್ನೆಲ್ಲ ಕೈಯಿಂದ ಬರೆದು ಚಿತ್ರವಾಗಿ ಅಂಟಿಸಿದೆ.

ಇನ್ನು ದನಿ. ಮೊದಲ ಸಲ ಫೋನು ಅಪ್ಪನ ಮುಂದೆ ಹಿಡಿದಾಗ ಅಪ್ಪ ಅಂಗಿಯ ಗುಂಡಿ ಹಾಕಿಕೊಂಡು ರೇಡಿಯೋದವರ ಹಾಗೆ ಶುದ್ಧ ಕನ್ನಡ ಶುರುಮಾಡಿದರು. ಅದು ಉಪಯೋಗಕ್ಕೆ ಬರುವಂತಿರಲಿಲ್ಲ. ಆಮೇಲೆ ರವಿವಾರಗಳಂದು ಅವರ ಬಸ್ಸಿನಲ್ಲೇ ಕೂತು, ಫೋನನ್ನು ವ್ಯಾನಿಟಿ ಬ್ಯಾಗಿನಲ್ಲಿ ತೆರೆದಿಟ್ಟು, ಅವರಿಗೆ ಗೊತ್ತಾಗದಂತೆ ರೆಕಾರ್ಡ್ ಮಾಡಿಕೊಂಡೆ. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಪ್ಪ ಆ ಗದ್ದಲದ ಮೇಲೆ ದನಿ ಏರಿಸಬೇಕಾಗಿತ್ತು.

"ಮುಂದ ಸರೀರಿ, ಮುಂದ ಸರೀರಿ. ಬಾಗಲದಾಗ ನಿಂತು ಏನ್ ಆರತಿ ಮಾಡಸ್ಕೊಳ್ಳಾವ್ರದೀರೇನ್ರಿ?"

"ಯವ್ವಾ, ಆಧಾರ್ ತಗೀರಿ. ಮನ್ಯಾಗ ಬಿಟ್ಟು ಬಂದೀನಂದ್ರ ನಾ ಏನ್ ನಿಮ್ಮ ಮಾರಿ ನೋಡಿ ಟಿಕೆಟ್ ಹರೀಲೇನು?"

"ಹೂವಿನ ಹಿಪ್ಪರಗಿ ಯಾರದೈತಿ, ಏಳ್ರಿ. ಮಲಗಿದವ್ರನ್ನ ಬಾಜೂದವ್ರು ಎಬ್ಬಸ್ರಿ."

ಆಡಿನ ಮರಿಯೊಂದನ್ನು ಕಂಕುಳಲ್ಲಿ ಹಿಡಿದು ಹತ್ತಿದ ಮುದುಕನೊಡನೆ ಅಪ್ಪ ಮರಿಗೂ ಟಿಕೆಟ್ ಬೇಕೆಂದು ನಿಡಗುಂದಿಯವರೆಗೂ ವಾದ ಮಾಡಿದ್ದು ಪೂರ್ತಿ ಸಿಕ್ಕಿತು. ವಾದದ ಕೊನೆಗೆ ಇಬ್ಬರೂ ನಕ್ಕಿದ್ದೂ ಸಿಕ್ಕಿತು. ಆ ನಗೆ ನನಗೆ ಬಹಳ ಬೇಕಾದದ್ದು. ಮನೆಯಲ್ಲಿ ಅಪ್ಪ ಹಾಗೆ ನಗುತ್ತಿದ್ದದ್ದು ಕಡಿಮೆ.

ಎಲ್ಲ ಜೋಡಿಸಿ ಮುಗಿದ ದಿನ ಅಪ್ಪನಿಗೆ ತೋರಿಸಿದೆ. ಕುರ್ಚಿ ಬಿಟ್ಟುಕೊಟ್ಟು "ಓಡಸ್ರಿ" ಅಂದರೆ ಕೂರಲಿಲ್ಲ. ಇಷ್ಟು ವರ್ಷದಲ್ಲಿ ಡ್ರೈವರ್ ಸೀಟಿನಲ್ಲಿ ಒಂದು ದಿನವೂ ಕೂತವರಲ್ಲ, ಆಟದಲ್ಲೂ ಕೂರಲು ಒಪ್ಪಲಿಲ್ಲ. ನನ್ನ ಕುರ್ಚಿಯ ಹಿಂದೆ ನಿಂತು, ಮೇಲಿನ ಕಂಬಿ ಹಿಡಿಯುವವರಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಓಡಿಸಿದೆ. ಸ್ಪೀಕರಿನಿಂದ ಅವರದೇ ದನಿ "ಮುಂದ ಸರೀರಿ" ಎಂದಾಗ ಬೆಚ್ಚಿಬಿದ್ದರು.

"ಇದು ನಾನೇನು?"

"ನೀವ."

"ಇಷ್ಟ ಒದರತೀನೇನು ನಾನು?"

"ಇದಕ್ಕಿಂತ ಜಾಸ್ತಿರಿ. ನಾ ಕಡಿಮಿ ಮಾಡೇನಿ."

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೂವಿನ ಹಿಪ್ಪರಗಿ ಬಂದಾಗ ಸ್ಪೀಕರಿನ ಅಪ್ಪನಿಗಿಂತ ಮೊದಲು ಕುರ್ಚಿಯ ಹಿಂದಿನ ಅಪ್ಪನೇ "ಹೋಲ್ಡಾನ್" ಅಂದರು. ಆ ಸಂಜೆ ನಾನು ಸುಖವಾಗಿದ್ದೆ. ಹಾಗೆ ಹೇಳಿಕೊಳ್ಳಬಹುದಾದ ಸಂಜೆಗಳು ನನ್ನ ಲೆಕ್ಕದಲ್ಲಿ ಹೆಚ್ಚಿಲ್ಲ.

ಇದು ನನ್ನ ಯಂತ್ರದಲ್ಲಿ ಓಡಿತು, ಸರಿ. ಬೇರೆಯವರೂ ಹಾಕಿಕೊಳ್ಳುವಂತೆ ಒಂದೇ ಕಟ್ಟಾಗಿ ಕಟ್ಟಲು ಆಟದವರೇ ಕೊಟ್ಟ ಸಾಧನವೊಂದಿತ್ತು. ಅದು ಮಾತ್ರ ಏನು ಮಾಡಿದರೂ ಲಿನಕ್ಸ್ ಮೇಲೆ ನಡೆಯಲಿಲ್ಲ. ಅರ್ಧಕ್ಕೆ ಬಂದು ಕುಸಿದು ಬೀಳುತ್ತಿತ್ತು. ತಂಗಿಯ ಗಂಡನಿಗೆ ಬಾಗೇವಾಡಿಯಲ್ಲಿ ಮೊಬೈಲ್ ಅಂಗಡಿ. ಒಳ್ಳೆ ಕಂಪ್ಯೂಟರ್ ಇತ್ತು, ಆಟಗಳ ವಿಡಿಯೋ ಹಾಕುವ ಚಾನೆಲ್ಲೂ ಇತ್ತು. ಫೋನು ಮಾಡಿದೆ.

"ಅದೇನ್ ದೊಡ್ಡ ಕೆಲಸರಿ ಅಕ್ಕಾರ? ಕಳಸ್ರಿ, ಎರಡ ದಿನದಾಗ ಪ್ಯಾಕ್ ಮಾಡಿ ಕೊಡ್ತೇನಿ," ಅಂದ.

ನಮ್ಮ ಮನೆಯ ನೆಟ್ಟು ಅಷ್ಟು ದೊಡ್ಡ ಫೈಲನ್ನು ಎಳೆಯುವಂಥದ್ದಲ್ಲ. ನಮ್ಮ ಕಡೆ ಊರಿಂದ ಊರಿಗೆ ಏನು ಕಳಿಸಬೇಕಾದರೂ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಕೊಡುತ್ತೇವೆ: ಔಷಧಿ, ಲಗ್ನಪತ್ರ, ಊಟದ ಡಬ್ಬಿ. ಪೆನ್‌ಡ್ರೈವಿಗೆ ಎಲ್ಲ ತುಂಬಿದೆ. ರಸ್ತೆ, ಬೋರ್ಡು, ಜೊತೆಗೆ ಅಪ್ಪನ ರೆಕಾರ್ಡಿಂಗುಗಳು, ಕತ್ತರಿಸಿದ್ದೂ ಕತ್ತರಿಸದೆ ಇದ್ದದ್ದೂ. ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಸುತ್ತಿ ಅದರ ಮೇಲೆ "ರೂಟ್" ಎಂದು ಬರೆದೆ. ಅಪ್ಪ ಅದನ್ನು ಟಿಕೆಟ್ ಚೀಲದಲ್ಲಿ ಹಾಕಿಕೊಂಡು ಹೋಗಿ ಬಾಗೇವಾಡಿ ನಿಲ್ದಾಣದಲ್ಲಿ ಅಳಿಯನ ಕೈಗೆ ಕೊಟ್ಟರು. ತಮ್ಮ ದನಿಯನ್ನು ತಾವೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದರು.

ಲಿನಕ್ಸ್ ಜಗತ್ತಿನಲ್ಲಿ ಒಂದು ಪದ್ಧತಿ ಇದೆ. ಏನು ಹಂಚಿದರೂ ಅದರೊಳಗೆ ಒಂದು ಸಣ್ಣ ಬರಹ ಇಡಬೇಕು. ಇದನ್ನು ಮಾಡಿದವರು ಯಾರು, ಬಳಸುವವರು ಏನು ಮಾಡಬಹುದು, ಏನು ಮಾಡಬಾರದು. ಕೊಡುವುದು ಉದಾರವಾಗಿಯೇ, ಆದರೆ ಷರತ್ತು ಬರೆದು ಕೊಡುವುದು. ಇದನ್ನೂ ನಾನು ಪಾಠ ಮಾಡಿದವಳೇ. ಪೆನ್‌ಡ್ರೈವ್ ಕಳಿಸುವ ಮೊದಲು ಅಂಥದೊಂದು ಬರಹ ತೆರೆದು ನನ್ನ ಹೆಸರು ಬರೆದೆ, ಮತ್ತೆ ಅಳಿಸಿದೆ. ಮನೆಯ ಅಳಿಯನಿಗೆ ಕಳಿಸುವ ವಸ್ತುವಿಗೆ ಷರತ್ತು ಹಾಕುವುದೇ? ಅವನು ನೋಡಿ ಏನಂದುಕೊಂಡಾನು? ತಂಗಿಗೆ ಏನಂದಾನು? ಬರಹ ಇಲ್ಲದೆಯೇ ಕಳಿಸಿದೆ.

ಹತ್ತು ಹನ್ನೆರಡು ದಿನಕ್ಕೆ ನನ್ನ ಯಂತ್ರದ ಡಿಸ್ಕ್ ಕಟಕಟ ಅನ್ನತೊಡಗಿತು, ಮರುದಿನ ಸತ್ತಿತು. ಗುಜರಿಯ ಮಾಲು, ಅಷ್ಟು ದಿನ ಬದುಕಿದ್ದೇ ಹೆಚ್ಚು. ನನಗೇನೂ ಗಾಬರಿಯಾಗಲಿಲ್ಲ. ಫೋನಿನಲ್ಲಿದ್ದ ರೆಕಾರ್ಡಿಂಗುಗಳನ್ನು ಜಾಗ ಸಾಲದೆ ಅಳಿಸಿ ಬಹಳ ದಿನವಾಗಿತ್ತು. ಆದರೂ ಎಲ್ಲ ಬಾಗೇವಾಡಿಯಲ್ಲಿದೆಯಲ್ಲ ಎಂದು ಆರಾಮಾಗಿದ್ದೆ. ಬೇರೆ ಡಿಸ್ಕ್ ಹಾಕಿ ಮತ್ತೆ ಲಿನಕ್ಸ್ ಹಾಕಿಕೊಂಡೆ. ಎರಡು ದಿನದ ಕೆಲಸ ಎರಡು ತಿಂಗಳಾಯಿತು. ನಾನು ಕೇಳಲಿಲ್ಲ, ಅವನು ಕೊಡಲಿಲ್ಲ.

ಯಾಕೆ ಕೇಳಲಿಲ್ಲ ಎಂದು ಬೇರೆ ಕಡೆಯವರು ಕೇಳುತ್ತಾರೆ. ಅವರಿಗೆ ಹೇಗೆ ತಿಳಿಸುವುದು? ಹೆಣ್ಣು ಕೊಟ್ಟ ಮನೆಯವರು ನಾವು. ಅಳಿಯನ ಕೈಗೆ ಹೋದದ್ದನ್ನು ವಾಪಸ್ ಕೊಡಿ ಎಂದು ಕೇಳುವುದು ನಮ್ಮಲ್ಲಿ ಜಗಳ ತೆಗೆದಂತೆ. ಲಗ್ನದಲ್ಲಿ ಕೊಟ್ಟ ಹಂಡೆಯೂ ಅಷ್ಟೇ, ಹಬ್ಬಕ್ಕೆ ಉಂಡಿ ತುಂಬಿ ಕಳಿಸಿದ ಸ್ಟೀಲ್ ಡಬ್ಬಿಯೂ ಅಷ್ಟೇ. ನಮ್ಮ ಅವ್ವನ ಅರ್ಧ ಡಬ್ಬಿಗಳು ಬಾಗೇವಾಡಿಯಲ್ಲಿವೆ. ಅವ್ವ ಹೊಸ ಡಬ್ಬಿ ತಂದಾಳೇ ಹೊರತು ಬಾಯಿ ತೆರೆಯಳು.

ಪಂಚಮಿಗೆ ತಂಗಿ ಬಂದಳು. ಹಬ್ಬ ಮುಗಿದ ಮೇಲೆ ಕರೆದುಕೊಂಡು ಹೋಗಲು ಗಂಡ ಬಂದ. ಮಧ್ಯಾಹ್ನದ ಊಟಕ್ಕೆ ಕೂತಾಗ ಬೈಕಿನ ಕೀಲಿಕೈಯನ್ನು ಎದುರಿನ ಟೀಪಾಯಿಯ ಮೇಲೆ ಇಟ್ಟ. ಅದರ ಗೊಂಚಲಿನಲ್ಲಿ ನನ್ನ ಪೆನ್‌ಡ್ರೈವು ಇತ್ತು. ಬಿಳಿ ಪಟ್ಟಿ ಕೊಳೆಯಾಗಿತ್ತು, "ರೂಟ್" ಎಂದು ಬರೆದದ್ದು ಇನ್ನೂ ಕಾಣುತ್ತಿತ್ತು. ನಾನು ಶೇಂಗಾ ಹೋಳಿಗೆ ಬಡಿಸುತ್ತಿದ್ದೆ. ಒಂದು ಮೊಳ ದೂರ. ಕೈ ಚಾಚಿ ಎತ್ತಿಕೊಂಡು "ಇದು ನಂದರಿ" ಅಂದಿದ್ದರೆ ಮುಗಿದಿತ್ತು. ಕೈ ಮುಂದೆ ಹೋಯಿತು ಕೂಡ. ಅವ್ವ ನನ್ನ ಕಣ್ಣು ಹೋದ ದಿಕ್ಕು ನೋಡಿದಳು.

"ಅಳ್ಯಾರಿಗೆ ತುಪ್ಪಾ ನೀಡು," ಅಂದಳು.

ತುಪ್ಪ ನೀಡಿದೆ. ಅವನು "ಸಾಕ್ರಿ ಅಕ್ಕಾರ, ಸಾಕ್ರಿ" ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ. ನಾನು ಕೈ ಸರಿಸಿ ಇನ್ನೂ ಒಂದು ಚಮಚ ಹಾಕಿದೆ. ಉಂಡು, ಎಲೆಅಡಿಕೆ ಹಾಕಿಕೊಂಡು, ಕೀಲಿಗೊಂಚಲು ಬೆರಳಲ್ಲಿ ತಿರುಗಿಸುತ್ತಾ ಹೊರಟ.

ಅವರು ಹೋದ ಮೇಲೆ ನಳದ ಹತ್ತಿರ ಕೈ ತೊಳೆಯುತ್ತಾ ಅಪ್ಪ ಕೇಳಿದರು. ಅಂದು ಅವರ ದನಿ ಸ್ವಲ್ಪ ಒಡೆದಿತ್ತು, ನೆಗಡಿ ಎಂದುಕೊಂಡಿದ್ದೆವು.

"ಕೀಲಿಗೆ ಹಾಕಿದ್ದು ನಿಂದಲ್ಲೇನ ಅದು?"

"ನಂದ ರೀ."

"ಕೇಳಲಿಲ್ಲ ಯಾಕ?"

"ನೀವ್ಯಾಕ ಕೇಳಲಿಲ್ಲ?"

ಅಪ್ಪ ನಕ್ಕು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ನಾನೂ ನಕ್ಕೆ. ಇಬ್ಬರೂ ಒಂದೇ ಕೈಕೋಳದಲ್ಲಿದ್ದೆವು. ನಗುವಂಥದ್ದು ಏನೂ ಇರಲಿಲ್ಲ.

ದೀಪಾವಳಿ ಹೊತ್ತಿಗೆ ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಫೋನು ಹಿಡಿದು ಬಂದರು. "ಮೇಡಮ್, ನಿಮ್ಮ ಬಾಗೇವಾಡಿ ಅಳಿಯ ಭಾರಿ ಮಾಡ್ಯಾನ ನೋಡ್ರಿ." ನೋಡಿದೆ. ತಂಗಿಯ ಗಂಡ ಕಪ್ಪು ಕನ್ನಡಕ ಹಾಕಿಕೊಂಡು ಹೇಳುತ್ತಿದ್ದ: "ಈ ರಸ್ತಾ ಮಾಡಾಕ ನನಗ ಒಂದ್ ವರ್ಷ ಹಿಡೀತು ಫ್ರೆಂಡ್ಸ್." ಅವನ ಹಿಂದೆ ನನ್ನ ನಿಂಬೆ ತೋಟ, ನನ್ನ ಬೇವಿನ ಮರ, ನಾನು ಕೈಯಿಂದ ಬರೆದ ಬೋರ್ಡು. ಫೋನಿನಲ್ಲಿ ಆಡುವ ಹಾಗೆ ಅದನ್ನು ಚಿಕ್ಕದು ಮಾಡಿಸಿದ್ದ, ಯಾರೂ ಒಳಗೆ ನೋಡದ ಹಾಗೆ ಬೀಗ ಹಾಕಿದ್ದ. ಕಂಡಕ್ಟರ್ ದನಿಯ ಕೆಳಗೆ ಡಿಜೆ ಬೀಟು ಹಾಕಿ, ದನಿಯನ್ನು ಬೇಗಬೇಗ ಓಡಿಸಿ ನಗೆಪಾಟಲು ಮಾಡಿದ್ದ. ಕೆಳಗೆ ಯಾರೋ ಕೇಳಿದ್ದರು, ಆ ಕಂಡಕ್ಟರ್ ಯಾರಣ್ಣ ಎಂದು. ಉತ್ತರ ಹೀಗಿತ್ತು: "ನಂದ ಮಿಮಿಕ್ರಿ ಬ್ರೋ."

"ಹೌದ್ರಿ, ಭಾರಿ ಮಾಡ್ಯಾನ," ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಇವತ್ತಿಗೂ ಅದನ್ನು ನೆನೆದರೆ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಮನೆಗೆ ಬಂದು ಅದನ್ನು ಇಳಿಸಿಕೊಂಡು ನನ್ನ ಯಂತ್ರದಲ್ಲಿ ತೆರೆಯಲು ಹೋದೆ. ಈ ವ್ಯವಸ್ಥೆಯಲ್ಲಿ ಇದನ್ನು ತೆರೆಯಲು ಅನುಮತಿ ಇಲ್ಲ ಎಂಬ ಸಂದೇಶ ಬಂತು. ನಾನೇ ಕಟ್ಟಿದ ರಸ್ತೆಗೆ ನನಗೇ ಪ್ರವೇಶವಿಲ್ಲ. ಅವ್ವನ ಮುಂದೆ ಕೂಗಾಡಿದೆ.

"ಹೋಗಲಿ ಬಿಡ. ಆಟದ ಸಂಬಂಧ ತಂಗಿ ಸಂಸಾರದಾಗ ಬೆಂಕಿ ಹಾಕ್ತಿಯೇನು?" ಅಂದಳು. "ನಿನಗ ಸಂಸಾರ ಅಂದ್ರ ಏನ್ ಗೊತ್ತೈತಿ?"

ಸಂಜೆ ತಂಗಿಯೇ ಫೋನು ಮಾಡಿದಳು. "ಅಕ್ಕಾ, ನಿಂದ ಅಂತ ನನಗ ಗೊತ್ತೈತಿ. ಆದ್ರ ಅವ್ರಿಗೆ ಏನೂ ಅನಬ್ಯಾಡ. ಈಗೊಂದೀಟು ಖುಷೀಲೆ ಅದಾರ. ಮನ್ಯಾಗ ಜಗಳಿಲ್ಲ." ಅದುವರೆಗೆ ಆ ಮನೆಯಲ್ಲಿ ಜಗಳ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಆಯಿತು ಅಂದೆ. ಅವಳ ನೆಮ್ಮದಿಗಾಗಿ ಬಿಟ್ಟೆ ಎಂದು ಬಹಳ ದಿನ ದೊಡ್ಡವಳಂತೆ ಬೀಗುತ್ತಿದ್ದೆ. ನಿಜವೆಂದರೆ ಕೇಳುವ ಧೈರ್ಯ ಇರಲಿಲ್ಲ, ಕೇಳದಿರಲು ಒಂದು ಒಳ್ಳೆ ಕಾರಣ ಸಿಕ್ಕಿತ್ತು.

ಅಪ್ಪನಿಗೆ ಹೇಳಿದಾಗ ಅವರು ಬೀಡಿ ಆರಿಸಿ, ಕರಕರ ಕೆಮ್ಮಿ ಹೇಳಿದರು: "ದನಿ ಹೋದ್ರ ಹೋತು ತಗಿ. ನಾ ಇನ್ನೂ ಜೀವಂತ ಅದೀನಲ್ಲ? ನಿನಗ ಬೇಕಾದಾಗ ಹೇಳು, ಮತ್ತ ಒದರತೀನಿ."

ಆ ಒಡೆದ ದನಿ ನೆಗಡಿಯಾಗಿರಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಸೊಲ್ಲಾಪುರದ ದವಾಖಾನೆಗೆ ಹೋದೆವು. ಗಂಟಲಿನೊಳಗೆ ಗಂಟು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಆಪರೇಷನ್ನಿನ ಹಿಂದಿನ ದಿನ ನರ್ಸ್ ಒಬ್ಬಾಕೆ ನನ್ನನ್ನು ಬದಿಗೆ ಕರೆದು, ಅವರ ದನಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಬೇಕು ಅನ್ನಿಸುತ್ತದೆ ಎಂದು ಹೇಳಿದಳು. ಫೋನು ಹಿಡಿದೆ. ಅಪ್ಪ "ಮುಂದ ಸರೀರಿ" ಎನ್ನಲು ನೋಡಿದರು. ಗಾಳಿ ಗೊರಗೊರ ಅಂದಿತು, ಮಾತು ಬರಲಿಲ್ಲ. ಎರಡನೇ ಸಲ ಪ್ರಯತ್ನಿಸಿ, ಫೋನು ಒಳಗಿಡು ಎಂದು ಕೈ ಮಾಡಿದರು.

ಈಗ ಅಪ್ಪನ ಕುತ್ತಿಗೆಯಲ್ಲಿ ತೂತು, ಅದರ ಮೇಲೆ ತೆಳ್ಳನೆ ಬಟ್ಟೆ. ಉಸಿರು ಅಲ್ಲಿಂದಲೇ. ಕರೆಯಬೇಕಾದರೆ ಉಂಗುರದ ಬೆರಳಿನಿಂದ ಸ್ಟೀಲಿನ ತಂಬಿಗೆಗೆ ಬಡಿಯುತ್ತಾರೆ. ಕಂಡಕ್ಟರನ ಗಂಟೆಯ ರೂಢಿ: ಒಂದು ಬಡಿತ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ಅನ್ನ ಬೇಡ, ಒಂದು. ಚಹಾ ಬೇಕು, ಎರಡು. ಅವ್ವ ವಾರದೊಳಗೆ ಕಲಿತಳು. ಉಳಿದ ಮಾತು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಓಡುವ ಬಸ್ಸಿನಲ್ಲಿ ಬರೆದು ಬರೆದು ಸೊಟ್ಟಗಾದ ಅಕ್ಷರದಲ್ಲಿ.

ಮನೆಗೆ ಬಂದ ನಾಲ್ಕನೇ ತಿಂಗಳು, ಒಂದು ಬೆಳಿಗ್ಗೆ, ನೋಟ್‌ಬುಕ್ಕು ನನ್ನ ಕಡೆ ದೂಡಿದರು. "ಬಸ್ಸಿನ್ಯಾಗ ನೀ ರೆಕಾರ್ಡ್ ಮಾಡಿದ್ದೆಲ್ಲ. ಅದನ್ನ ಹಚ್ಚು. ಕೇಳಬೇಕು."

ಅಪ್ಪ ನನ್ನ ಹತ್ತಿರ ಏನನ್ನೂ ಬೇಡಿದವರಲ್ಲ. ಹಚ್ಚತೇನ್ರಿ, ಸ್ವಲ್ಪ ದಿನ ತಡೀರಿ ಅಂದೆ. ಅಟ್ಟದ ಮೇಲೆ ಹೋಗಿ ತಂಗಿಯ ಗಂಡನಿಗೆ ಫೋನು ಮಾಡಿ, ಆ ಪೆನ್‌ಡ್ರೈವ್ ಬೇಕು ಎಂದು ಕೇಳಿದೆ. ಕೊನೆಗೂ ಕೇಳಿದೆ.

"ಅಯ್ಯ, ಅದೇನ್ರಿ ಅಕ್ಕಾರ? ಅದನ್ನ ಪಂಚಮಿ ಆದ ಮ್ಯಾಲ ಫಾರ್ಮ್ಯಾಟ್ ಹೊಡದು, ನಮ್ಮ ಕಾಕಾನ ಟ್ರ್ಯಾಕ್ಟರಿಗೆ ಹಾಡ ತುಂಬಿ ಕೊಟ್ಟೇನಿ. ನೀವು ಕೇಳಲೇ ಇಲ್ಲಲ್ರಿ. ಬ್ಯಾಡಾಗಿರಬೇಕು ಅನ್ಕೊಂಡೆ."

"ಪಂಚಮಿ ಆದ ಮ್ಯಾಲ?"

"ಹೌದ್ರಿ. ನಿಮ್ಮ ಮನ್ಯಾಗ ಉಂಡು ಬಂದ ಮರುದಿನಾನೋ ಏನೋ."

ಅಂದರೆ ಆ ಊಟದ ಹೊತ್ತಿನಲ್ಲಿ ಅಪ್ಪನ ದನಿ ಅದರೊಳಗಿತ್ತು. ಆಡಿನ ಮರಿಯ ಮುದುಕನೂ ಇದ್ದ, ಅಪ್ಪನ ನಗೆಯೂ ಇತ್ತು. ನಾನು ಅದನ್ನು ನೋಡುತ್ತಾ ತುಪ್ಪ ಬಡಿಸಿದ್ದೆ. ಆಟಕ್ಕೆ ಹಾಕಿದ ದನಿಯ ಮೂಲವಾದರೂ ಇದೆಯೇ ಎಂದೆ. ಬೀಟು ಹಾಕಿದ ಮೇಲೆ ಅದನ್ನೂ ತೆಗೆದಿದ್ದನಂತೆ. ಬೀಗ ಹಾಕಿದ್ದು ಯಾವುದೋ ಪುಕ್ಕಟೆ ಸಾಧನ, ಅದನ್ನು ತೆಗೆಯಲು ಅವನಿಗೇ ಬರುವುದಿಲ್ಲವಂತೆ. "ಮಾವಾರು ಹೆಂಗದಾರ್ರಿ?" ಎಂದು ಕೇಳಿದ. ಕೆಟ್ಟ ಮನುಷ್ಯನಲ್ಲ. ಅದೇ ನನಗೆ ಹೆಚ್ಚು ಸಂಕಟ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಉಳಿದದ್ದು ಆ ಬೀಗದೊಳಗಿನ ದನಿ ಒಂದೇ. ಆಟ ಆಡುತ್ತಾ ರೆಕಾರ್ಡ್ ಮಾಡಿಕೊಂಡರೆ ಎಂಜಿನ್ನಿನ, ಹಾರ್ನಿನ ಸದ್ದೂ ಅದರಲ್ಲಿ ಬೆರೆಯುತ್ತಿತ್ತು. ಹಿಂದೆ ನನಗೆ ದಾರಿ ತೋರಿಸಿದ ವೇದಿಕೆಯಲ್ಲಿ ಕೇಳಿದೆ, ಇಂಥ ಬೀಗ ತೆರೆಯುವುದು ಹೇಗೆ ಎಂದು. ಬೇರೆಯವರ ಮಾಡ್‌ಗೆ ಹಾಕಿದ ಬೀಗ ಒಡೆಯಲು ನಾವು ಸಹಾಯ ಮಾಡುವುದಿಲ್ಲ ಅಂದರು. ಈ ಮಾಡ್ ನನ್ನದೇ ಅಂದೆ. ಹಾಗಾದರೆ ನಿನ್ನ ಹೆಸರಿರುವ ಬರಹ ಎಲ್ಲಿ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆ ಪುಟ ಮುಚ್ಚಿದೆ.

ಒಬ್ಬಳೇ ಕೂತೆ. ಕಾಲೇಜು ಮುಗಿಸಿ ಬಂದು, ಊಟಕ್ಕೆ ಮೊದಲು ದಿನಾ ಎರಡು ತಾಸು. ಫೈಲನ್ನು ತುಣುಕು ತುಣುಕಾಗಿ ನೋಡುವುದು, ಎಲ್ಲಿಂದ ಎಲ್ಲಿಗೆ ಸದ್ದು ಇರಬಹುದು ಎಂದು ಅಂದಾಜು ಮಾಡುವುದು, ಸಣ್ಣ ಪ್ರೋಗ್ರಾಂ ಬರೆದು ಓಡಿಸುವುದು, ಕರ್ಕಶ ಸದ್ದು ಬಂದರೆ ಮತ್ತೆ ಮೊದಲಿಂದ. ಅಪ್ಪ ಹಿಂದೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ಐದನೇ ವಾರ, ಒಂದು ರವಿವಾರ ಮಧ್ಯಾಹ್ನ, ಬೀಗ ಬಿಟ್ಟಿತು. ಒಳಗೆ ಏಳು ತುಣುಕು ಇದ್ದವು, ಎಲ್ಲದಕ್ಕೂ ಬೀಟು ಅಂಟಿಕೊಂಡಿತ್ತು. ವೇಗ ತಗ್ಗಿಸಿದೆ, ಬೀಟು ಎಷ್ಟು ಸಾಧ್ಯವೋ ಅಷ್ಟು ಕೆರೆದು ತೆಗೆದೆ. ಕೆರೆದಷ್ಟೂ ದನಿಯೂ ತೆಳುವಾಗುತ್ತಾ ಬಂತು.

ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ ಎಂದು ಗೊತ್ತಾದಾಗ ಅಪ್ಪನನ್ನು ನೋಡಿದೆ. ತಂಬಿಗೆಗೆ ಎರಡು ಸಲ ಬಡಿದರು. ಹಚ್ಚಿದೆ.

"ಮುಂದ ಸರೀರಿ, ಮುಂದ ಸರೀರಿ..."

ಅಪ್ಪ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕುತ್ತಿಗೆಯ ಮೇಲಿನ ಬಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ. ಎರಡನೇ ತುಣುಕು ಮುಗಿದು ಮೂರನೆಯದು ಶುರುವಾಗಿತ್ತು. ಅಷ್ಟರಲ್ಲಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಕೈಯೊರೆಸಿಕೊಳ್ಳುತ್ತಾ ಒಳಗೆ ಬಂದಳು. ಪಡಸಾಲೆಯ ಬಾಗಿಲಲ್ಲಿ ನಿಂತು, ಹೊರಗಿನ ಗಂಡಸರು ಬಂದಾಗ ಮಾಡುವಂತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಲವತ್ತು ವರ್ಷ ಅದೇ ದನಿಯೊಡನೆ ಸಂಸಾರ ಮಾಡಿದವಳು.

"ಯಾರ ಬಂದಾರ?" ಎಂದು ಮೆಲ್ಲಗೆ ನನ್ನನ್ನು ಕೇಳಿದಳು. "ಛಾ ಇಡ್ಲೇನು?"

ಅಪ್ಪ ಕಣ್ಣು ತೆರೆದು ಅವಳನ್ನೇ ನೋಡಿದರು. ನಾನು ಸದ್ದು ನಿಲ್ಲಿಸಿದೆ.

"ಯಾರೂ ಬಂದಿಲ್ಲಬೇ," ಅಂದೆ.